ಹಸು ಮಾರೋ ಮುಂಚೆ ಫೆಲೋಶಿಪ್‌ಗೆ ಅರ್ಜಿ ಹಾಕಿ

ಕಳೆದ ತಿಂಗಳು ರಾಗಿ ಕಣದಲ್ಲಿದ್ದಾಗ ಪಕ್ಕದ ಹೊಲದ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. "ಇವಳು ಎಂ.ಎಸ್ಸಿ. ಬಯೋಟೆಕ್ನಾಲಜಿ ಮುಗಿಸಿ ಎಂಟು ತಿಂಗಳಾಯ್ತು ಸಾರ್. ಬಯೋಇನ್ಫರ್ಮ್ಯಾಟಿಕ್ಸ್ ಕಲಿಸ್ತೀವಿ, ಕೆಲಸ ಗ್ಯಾರಂಟಿ ಅಂತ ಯಾವುದೋ ತರಬೇತಿ ಕೇಂದ್ರದೋರು ಎಂಬತ್ತು ಸಾವಿರ ಕೇಳ್ತಾವ್ರೆ. ಹಸು ಮಾರಿ ಕಟ್ಟೋಣ ಅಂತಿದೀನಿ" ಅಂದರು.

"ಸ್ವಲ್ಪ ತಡೀರಿ" ಅಂದೆ. ಕೃಷಿಗೆ ಮರಳುವ ಮೊದಲು ನಾನೂ ಎರಡು ವರ್ಷ ಸಂಶೋಧನಾ ಫೆಲೋ ಆಗಿದ್ದವನು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ವಿದ್ಯೆ ನಮ್ಮ ಹೊಲಕ್ಕೆ ದೂರದ್ದೇನಲ್ಲ. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನೇತೃತ್ವದ ತಂಡ ಎಂಎಲ್-365 ರಾಗಿ ತಳಿಯ ಜೀನೋಮ್ ಪ್ರಕಟಿಸಿತು. ಸುಮಾರು 120 ಕೋಟಿ ಅಕ್ಷರಗಳಷ್ಟು ಮಾಹಿತಿ ಅದು. ಅದರೊಳಗೆ ಬರ ತಡೆಯುವ ಜೀನ್ ಯಾವುದು ಅಂತ ಕಂಪ್ಯೂಟರ್‌ನಲ್ಲಿ ಹುಡುಕುವ ಕೆಲಸವೇ ಬಯೋಇನ್ಫರ್ಮ್ಯಾಟಿಕ್ಸ್.

ದಾರಿಗಳು ಯಾವುವು?

1. ಸಿಎಸ್‌ಐಆರ್-ಯುಜಿಸಿ ನೆಟ್: ಜೀವವಿಜ್ಞಾನ ವಿಷಯದಲ್ಲಿ ಬರೆಯಬಹುದು. ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ.

2. ಡಿಬಿಟಿ-ಜೆಆರ್‌ಎಫ್: ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯದು. ಇದಕ್ಕೂ ಪರೀಕ್ಷೆ ಬರೆಯಬೇಕು.

3. ಐಸಿಎಆರ್ ಪ್ರವೇಶ ಪರೀಕ್ಷೆ: ಬಿ.ಎಸ್ಸಿ. ಕೃಷಿ ಮುಗಿಸಿದವರು ಇದನ್ನು ಬರೆದು ಬಯೋಇನ್ಫರ್ಮ್ಯಾಟಿಕ್ಸ್‌ನಲ್ಲೇ ಎಂ.ಎಸ್ಸಿ. ಸೇರಬಹುದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಈ ಕೋರ್ಸ್ ಇದೆ.

4. ಪ್ರಾಜೆಕ್ಟ್ ಹುದ್ದೆಗಳು: ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಂಥ ಕಡೆ ಯೋಜನೆಗಳಿಗೆ ನೇರ ಸಂದರ್ಶನ ಕರೀತಾರೆ. ಕೆಲವಕ್ಕೆ ನೆಟ್ ಬೇಕಿಲ್ಲ. ಸಂಸ್ಥೆಗಳ ವೆಬ್‌ಸೈಟನ್ನು ವಾರಕ್ಕೊಮ್ಮೆ ನೋಡ್ತಿರಿ.

ಸಿಎಸ್‌ಐಆರ್, ಡಿಬಿಟಿ ಜೆಆರ್‌ಎಫ್‌ಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷ ಕೆಲಸ ತೃಪ್ತಿಕರವಾಗಿದ್ದರೆ 42,000. ಮನೆ ಬಾಡಿಗೆ ಭತ್ಯೆ ಬೇರೆ.

ಒಂದು ಎಚ್ಚರಿಕೆ

ಪರೀಕ್ಷೆ ಪಾಸಾದ ಕೂಡಲೇ ಹಣ ಬರೋದಿಲ್ಲ. ಮಾರ್ಗದರ್ಶಕರು ಸಿಕ್ಕಿ, ಸಂಸ್ಥೆ ಸೇರಿದ ಮೇಲಷ್ಟೇ ಶುರು. ನನಗೆ ಇದು ಗೊತ್ತಿರಲಿಲ್ಲ, ಏಳು ತಿಂಗಳು ಸುಮ್ಮನೆ ಕಳೆದೆ. ಓದುತ್ತಿರುವಾಗಲೇ ನಾಲ್ಕೈದು ವಿಜ್ಞಾನಿಗಳಿಗೆ ಪತ್ರ ಬರೆಯಿರಿ. ವಯೋಮಿತಿಯನ್ನೂ ಅಧಿಸೂಚನೆಯಲ್ಲಿ ನೋಡಿಕೊಳ್ಳಿ.

ಕಲಿಕೆಗೆ ಎಂಬತ್ತು ಸಾವಿರ ಬೇಕಿಲ್ಲ. ಲಿನಕ್ಸ್, ಪೈಥಾನ್, ಆರ್ ಮೂರೂ ಉಚಿತ. ಎನ್‌ಪಿಟಿಇಎಲ್ ಪಾಠಗಳನ್ನು ಹಣ ಕೊಡದೆ ನೋಡಬಹುದು. ಎನ್‌ಸಿಬಿಐ ತಾಣದಲ್ಲಿ ಬೆಳೆಗಳ ಜೀನ್ ಮಾಹಿತಿ ಎಲ್ಲರಿಗೂ ತೆರೆದಿದೆ. ಅದರಲ್ಲೊಂದು ಸಣ್ಣ ಕೆಲಸ ಮಾಡಿ ತೋರಿಸಿ. ನನ್ನ ಸಂದರ್ಶನದಲ್ಲಿ ಸರ್ಟಿಫಿಕೇಟನ್ನು ಯಾರೂ ಕೇಳಲಿಲ್ಲ, "ನೀನೇ ಮಾಡಿದ್ದು ಏನಿದೆ?" ಅಂತ ಕೇಳಿದರು.

ಆ ಹುಡುಗಿ ಈಗ ದಿನಾ ಬೆಳಗ್ಗೆ ಹಾಲು ಕರೆದು, ಡೇರಿಗೆ ಹಾಕಿ ಬಂದು, ಹಳೇ ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ ಕಲೀತಿದ್ದಾಳೆ. ಮುಂದಿನ ನೆಟ್ ಬರೆಯುವ ತಯಾರಿಯೂ ನಡೆದಿದೆ. ಹಸು ಕೊಟ್ಟಿಗೆಯಲ್ಲೇ ಇದೆ.