ಸ್ವಯಂಸೇವಕನ ಕೈಗೆ ಖಡ್ಗ ಬಂದಾಗ

ಉತ್ತರ ಕರ್ನಾಟಕದ ಹಿರಿಯರ ಮಾತಿನಲ್ಲಿ ‘ರಜಾಕಾರ’ ಎಂಬ ಪದಕ್ಕೆ ‘ಹಾವಳಿ’ ಎಂಬ ಪದವು ನೆರಳಿನಂತೆ ಅಂಟಿಕೊಂಡೇ ಬರುತ್ತದೆ. ಆದರೆ ಆ ಪದದ ಮೂಲಾರ್ಥವನ್ನು ಕೇಳಿದರೆ ಯಾರಿಗಾದರೂ ಅಚ್ಚರಿಯಾಗಬಹುದು. ರಜಾಕಾರನೆಂದರೆ ಸ್ವಇಚ್ಛೆಯಿಂದ ಸೇವೆಗೆ ಮುಂದೆ ಬಂದವನು, ಸ್ವಯಂಸೇವಕ. ಇಷ್ಟು ಒಳ್ಳೆಯ ಹೆಸರು ಒಂದೇ ದಶಕದೊಳಗೆ ಬೈಗುಳವಾಗಿ ಮಾರ್ಪಟ್ಟದ್ದು ಹೇಗೆಂಬುದು ನಿಘಂಟುಕಾರರು ಮಾತ್ರ ಯೋಚಿಸಬೇಕಾದ ವಿಷಯವಲ್ಲ.

ಬಂಕಾಪುರವು ಎಂದೂ ಇಪ್ಪತ್ತನೆಯ ಶತಮಾನದ ನಿಜಾಮರ ಆಳ್ವಿಕೆಯಲ್ಲಿ ಇರಲಿಲ್ಲ. ಅಂದು ಇದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಆದರೆ ಇಲ್ಲಿಂದ ಪೂರ್ವಕ್ಕೆ ಹೊರಟು ಗದಗನ್ನು ದಾಟಿ ಮುಂಡರಗಿಯವರೆಗೆ ಹೋದರೆ, ಅದರಾಚೆಗಿನ ಕೊಪ್ಪಳ ಸೀಮೆ ಹೈದರಾಬಾದು ಸಂಸ್ಥಾನದ್ದು. 1947 ಮತ್ತು 1948ರಲ್ಲಿ ಆ ಗಡಿಯನ್ನು ದಾಟಿ ದನಕರು, ಪಾತ್ರೆಪಡಗಗಳೊಡನೆ ಈಚೆಗೆ ಬಂದ ಕುಟುಂಬಗಳು ಅನೇಕ. ಹಾಗಾಗಿ ಕಥೆ ನೆರೆಮನೆಯದೇ. ಅದು ಕ್ರೈಸ್ತ ಕುಟುಂಬಗಳ ಈ ಪುಟಕ್ಕೆ ಏಕೆ ಬೇಕೆಂದು ಕೇಳುವವರು ಇರಬಹುದು. ಸಂಖ್ಯೆಯಲ್ಲಿ ಸಣ್ಣದಾದ ಒಂದು ಸಮುದಾಯವು ಭಯಗೊಂಡಾಗ ಎಂಥ ರಕ್ಷಕನನ್ನು ಹುಡುಕಿಕೊಳ್ಳುತ್ತದೆ, ಆ ರಕ್ಷಕನಿಂದ ಅದಕ್ಕೆ ಏನು ಒದಗುತ್ತದೆ ಎಂಬ ಪ್ರಶ್ನೆ ಈ ಕಥೆಯ ಹೊಟ್ಟೆಯಲ್ಲಿದೆ. ಈ ನಾಡಿನಲ್ಲಿ ನಾವೂ ಸಂಖ್ಯೆಯಲ್ಲಿ ಸಣ್ಣವರೇ.

1941ರ ಜನಗಣತಿಯಂತೆ ಹೈದರಾಬಾದು ಸಂಸ್ಥಾನದ ಜನಸಂಖ್ಯೆ ಸುಮಾರು 1 ಕೋಟಿ 63 ಲಕ್ಷ. ಅವರಲ್ಲಿ ಮುಸ್ಲಿಮರು ಎಂಟರಲ್ಲಿ ಒಬ್ಬರಷ್ಟು ಮಾತ್ರ. ಆದರೆ ಅರಸ, ದರ್ಬಾರು, ಪೊಲೀಸು, ಉನ್ನತ ಅಧಿಕಾರಗಳು ಬಹುಮಟ್ಟಿಗೆ ಅವರ ಕೈಯಲ್ಲಿದ್ದವು. 1927ರಲ್ಲಿ ಹುಟ್ಟಿದ ಮಜ್ಲಿಸ್ ಎ ಇತ್ತೆಹಾದುಲ್ ಮುಸಲ್ಮೀನ್ ಸಂಘಟನೆಯು ಮೊದಲು ಸಮುದಾಯದೊಳಗಿನ ಒಗ್ಗಟ್ಟನ್ನು ಗುರಿಯಾಗಿಟ್ಟುಕೊಂಡಿತ್ತು. 1938ರಲ್ಲಿ ಮಹಾ ವಾಗ್ಮಿ ಬಹಾದ್ದೂರ್ ಯಾರ್ ಜಂಗ್ ಅದರ ಅಧ್ಯಕ್ಷರಾದ ಮೇಲೆ ಅದು ರಾಜಕೀಯ ಪಕ್ಷವಾಗಿ ಬೆಳೆಯಿತು. ಅದರ ತತ್ತ್ವಕ್ಕೆ ‘ಅನಲ್ ಮಲಿಕ್’ ಎಂಬ ಹೆಸರು ಬಂತು. ಅರಸನು ಸಂಕೇತ ಮಾತ್ರ, ಸಾರ್ವಭೌಮತ್ವವು ಮುಸ್ಲಿಂ ಸಮುದಾಯದ ಪ್ರತಿಯೊಬ್ಬನಲ್ಲಿಯೂ ನೆಲೆಸಿದೆ ಎಂಬುದು ಅದರ ಸಾರಾಂಶ.

ತತ್ತ್ವಶಾಸ್ತ್ರವನ್ನು ಸ್ವಲ್ಪ ಓದಿದವನಿಗೆ ಈ ವಾದದ ಮೋಹಕತೆಯೂ ಅದರ ವಿಷವೂ ಒಟ್ಟಿಗೇ ಕಾಣುತ್ತವೆ. ಸಾರ್ವಭೌಮತ್ವವು ಪ್ರಜೆಯಲ್ಲಿದೆ ಎನ್ನುವುದು ಪ್ರಜಾಪ್ರಭುತ್ವದ ಮಾತು. ಆದರೆ ಅದು ಒಂದು ಮತಕ್ಕೆ ಸೇರಿದ ಪ್ರಜೆಯಲ್ಲಿ ಮಾತ್ರ ಇದೆ ಎಂದೊಡನೆ, ಬಡ ಟಾಂಗಾವಾಲನೂ ತನ್ನ ನೆರೆಯ ರೈತನಿಗೆ ಒಡೆಯನಾಗಿಬಿಡುತ್ತಾನೆ. ಅವನ ಹೊಟ್ಟೆಗೆ ಒಂದು ತುತ್ತೂ ಹೆಚ್ಚಾಗಿ ಬೀಳುವುದಿಲ್ಲ. ಒಡೆತನದ ಕಲ್ಪನೆ ಮಾತ್ರ ಅವನಿಗೆ ದಕ್ಕುತ್ತದೆ, ಅದನ್ನು ಕಳೆದುಕೊಳ್ಳುವ ಭಯವೂ ಅದರೊಡನೆ ಬರುತ್ತದೆ.

ಬಹಾದ್ದೂರ್ ಯಾರ್ ಜಂಗ್ 1944ರಲ್ಲಿ ಹಠಾತ್ತನೆ ತೀರಿಕೊಂಡರು. 1946ರಲ್ಲಿ ಅವರ ಪೀಠವನ್ನೇರಿದವನು ಲಾತೂರಿನ ವಕೀಲ ಖಾಸಿಂ ರಜ್ವಿ. ಆಲಿಗಢದಲ್ಲಿ ಓದಿದವನು, ಮಾತಿನ ಮಲ್ಲ. ಆತನ ಕೈಯಲ್ಲಿ ಸ್ವಯಂಸೇವಕರ ಪಡೆಯು ಸಮವಸ್ತ್ರ, ಕವಾಯತು, ಶಸ್ತ್ರ, ಪ್ರತಿಜ್ಞೆಗಳುಳ್ಳ ಖಾಸಗಿ ಸೈನ್ಯವಾಯಿತು. ದಖ್ಖನದಲ್ಲಿ ಮುಸ್ಲಿಂ ಅಧಿಕಾರದ ಮೇಲುಗೈಯನ್ನು ಕೊನೆಯವರೆಗೂ ಕಾಯುವೆನೆಂಬುದು ಆ ಪ್ರತಿಜ್ಞೆಯ ತಿರುಳಾಗಿತ್ತು. ದೆಹಲಿಯ ಕೆಂಪುಕೋಟೆಯ ಮೇಲೆ ಅಸಫ್‌ಜಾಹಿ ಧ್ವಜವನ್ನು ಹಾರಿಸುವುದಾಗಿ ರಜ್ವಿಯು ಸಭೆಗಳಲ್ಲಿ ಗುಡುಗುತ್ತಿದ್ದ. ಅದನ್ನು ಕೇಳಿ ನಕ್ಕವರೂ ಇದ್ದರು. ಅಂಥ ಮಾತನ್ನು ನಗೆಗೀಡು ಮಾಡಿ ಸುಮ್ಮನಿರುವುದು ಬುದ್ಧಿವಂತರ ಹಳೆಯ ದೌರ್ಬಲ್ಯ.

ಈ ಮನುಷ್ಯನಿಗೆ ಸರ್ಕಾರದಲ್ಲಿ ಯಾವ ಹುದ್ದೆಯೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ಆದರೂ 1947ರ ಅಕ್ಟೋಬರ್ 27ರಂದು ನಡೆದದ್ದನ್ನು ನೋಡಿ. ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾರ್ಯಕಾರಿ ಮಂಡಳಿಯು ಬಹುಮತದಿಂದ ಒಪ್ಪಿಗೆ ಕೊಟ್ಟಿತ್ತು. ನಿಜಾಮರೂ ಒಪ್ಪಿದ್ದರು. ಪ್ರಧಾನಿ ಛತಾರಿಯ ನವಾಬರು, ಸಂವಿಧಾನ ಸಲಹೆಗಾರ ಸರ್ ವಾಲ್ಟರ್ ಮಾಂಕ್ಟನ್ ಮತ್ತು ಸರ್ ಸುಲ್ತಾನ್ ಅಹ್ಮದ್ ಅಂದು ಬೆಳಗ್ಗೆ ದೆಹಲಿಗೆ ವಿಮಾನವೇರಬೇಕಾಗಿತ್ತು. ನಸುಕಿನ ಕತ್ತಲೆಯಲ್ಲಿಯೇ ರಜಾಕಾರರ ಭಾರಿ ಗುಂಪು ಈ ಮೂವರ ಮನೆಗಳನ್ನೂ ಸುತ್ತುವರಿಯಿತು. ಪೊಲೀಸರು ಅಲುಗಾಡಲಿಲ್ಲ. ಕೊನೆಗೆ ಸೈನ್ಯವು ಬಂದು ಅವರನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಿತು. ನಿಜಾಮರು ಆ ಗುಂಪಿನ ನಾಯಕನಿಗೆ ಶಿಕ್ಷೆ ವಿಧಿಸುವ ಬದಲು ಅವನನ್ನು ಅರಮನೆಗೆ ಕರೆಸಿ ಸಲಹೆ ಕೇಳಿದರು. ಭಾರತವು ಕಾಶ್ಮೀರದಲ್ಲಿ ಸಿಲುಕಿಕೊಂಡಿದೆ, ಈಗ ಬಿಗಿಹಿಡಿದರೆ ಇನ್ನೂ ಉತ್ತಮ ಷರತ್ತುಗಳು ದೊರೆಯುತ್ತವೆ ಎಂಬುದು ರಜ್ವಿಯ ವಾದ. ಛತಾರಿಯ ನವಾಬರು ರಾಜೀನಾಮೆ ಕೊಟ್ಟರು. ಹೊಸ ನಿಯೋಗ ಹೋಯಿತು. ನವೆಂಬರ್ 29ರಂದು ಸಹಿಯಾದ ಒಪ್ಪಂದವು ಬಹುಮಟ್ಟಿಗೆ ಮೊದಲಿನ ಕರಡೇ ಆಗಿತ್ತು!

ಹಾಗಾದರೆ ಬದಲಾದದ್ದೇನು? ರಾಜ್ಯದ ತೀರ್ಮಾನವನ್ನು ಬೀದಿಯಲ್ಲಿ ರದ್ದು ಮಾಡಬಹುದೆಂಬುದು ಎಲ್ಲರಿಗೂ ತಿಳಿಯಿತು. ಅದೇ ವರ್ಷದ ಕೊನೆಗೆ ಪ್ರಧಾನಿಯಾದ ಮೀರ್ ಲಾಯಕ್ ಅಲಿ ಉದ್ಯಮಿ, ಜಾಣ. ಆದರೆ ಆ ಕುರ್ಚಿಯ ಹಿಂದೆ ಯಾರು ನಿಂತಿದ್ದರೆಂಬುದು ಗುಟ್ಟಾಗಿರಲಿಲ್ಲ.

ಸಂತ ಅಗಸ್ಟೀನರು ‘ದೇವನಗರಿ’ ಎಂಬ ತಮ್ಮ ಮಹಾಗ್ರಂಥದಲ್ಲಿ ಒಂದು ಪ್ರಶ್ನೆಯನ್ನು ಎತ್ತುತ್ತಾರೆ. ನ್ಯಾಯವನ್ನು ಕಳೆದು ನೋಡಿದರೆ ರಾಜ್ಯಕ್ಕೂ ಕಳ್ಳರ ತಂಡಕ್ಕೂ ವ್ಯತ್ಯಾಸವೇನು ಎಂಬುದೇ ಆ ಪ್ರಶ್ನೆ. ಅವರ ಬಳಿಕ ಸಂತ ಥಾಮಸ್ ಅಕ್ವಿನಾಸರು ಯುದ್ಧವು ನ್ಯಾಯವೆನಿಸಬೇಕಾದರೆ ಮೊದಲನೆಯದಾಗಿ ಅದನ್ನು ಸಾರುವವನು ಸಾರ್ವಜನಿಕ ಅಧಿಕಾರ ಹೊಂದಿರಬೇಕೆಂದು ವಿಧಿಸಿದರು. ಗುರುಮಠದ ತರಗತಿಯಲ್ಲಿ ಇದು ಒಣ ನಿಯಮವಾಗಿ ತೋರುತ್ತದೆ. ಅದರ ಅರ್ಥ ತಿಳಿಯಬೇಕಾದರೆ 1948ರ ಬೇಸಗೆಯಲ್ಲಿ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳ ಕಥೆಯನ್ನು ಕೇಳಬೇಕು. ಲೂಟಿ, ಸುಲಿಗೆ, ಮಾನಭಂಗ, ಕೊಲೆ. ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ಆ ವರ್ಷದ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಆ ಸೀಮೆಯ ಜನ ಇಂದಿಗೂ ಮರೆತಿಲ್ಲ. ಯಾರ ಆಜ್ಞೆಯಂತೆ ಇದು ನಡೆಯಿತೆಂದು ಕೇಳಿದರೆ ಅರಮನೆಯು ಪಡೆಯ ಕಡೆಗೆ, ಪಡೆಯು ಅರಮನೆಯ ಕಡೆಗೆ ಕೈ ತೋರಿಸಬಹುದಾಗಿತ್ತು. ಖಾಸಗಿ ಸೈನ್ಯವನ್ನು ಸಾಕಿಕೊಳ್ಳುವ ಅರಸರಿಗೆ ಇದೇ ಅನುಕೂಲ.

ರಜ್ವಿಯನ್ನು ಮುಸ್ಲಿಮರೆಲ್ಲರ ದನಿಯೆಂದು ತಿಳಿಯುವುದು ಚರಿತ್ರೆಗೆ ಮಾಡುವ ಅನ್ಯಾಯ. ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆಯ ಸಂಪಾದಕರಾಗಿದ್ದ ಶೋಯೆಬ್ ಉಲ್ಲಾ ಖಾನ್ ಎಂಬ ತರುಣರು ರಜಾಕಾರರನ್ನು ನಿರ್ಭಯವಾಗಿ ಖಂಡಿಸಿ, ಸಂಸ್ಥಾನವು ಭಾರತವನ್ನು ಸೇರಬೇಕೆಂದು ಬರೆಯುತ್ತಿದ್ದರು. 1948ರ ಆಗಸ್ಟ್ 21ರ ರಾತ್ರಿ, ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದಾಗ ಅವರ ಮೇಲೆ ಗುಂಡು ಹಾರಿಸಿ, ಬರೆಯುವ ಕೈಯನ್ನು ಕಡಿದರು. ಸಮುದಾಯದ ರಕ್ಷಣೆಗೆಂದು ಹುಟ್ಟಿದ ಪಡೆಯು ಆ ಸಮುದಾಯದ ಒಳಗಿನ ಅತ್ಯಂತ ಪ್ರಾಮಾಣಿಕ ದನಿಯನ್ನೇ ಅಡಗಿಸಿತು. ಇಂಥ ಪಡೆಗಳ ಚರಿತ್ರೆಯಲ್ಲಿ ಇದು ಅಪವಾದವಲ್ಲ, ವಾಡಿಕೆ.

ಗಡಿಯ ಈಚೆಗೂ ಶಸ್ತ್ರಗಳಿದ್ದವು. ಮುಂಡರಗಿ, ಗಜೇಂದ್ರಗಡ ಮೊದಲಾದೆಡೆ ಸ್ಟೇಟ್ ಕಾಂಗ್ರೆಸ್ಸಿನವರ ಶಿಬಿರಗಳು ನಡೆದು, ಅಲ್ಲಿಂದ ತರುಣರು ಗಡಿ ದಾಟಿ ನಿಜಾಮರ ಪೊಲೀಸ್ ಠಾಣೆ, ಸುಂಕದ ನಾಕೆಗಳ ಮೇಲೆ ದಾಳಿ ಮಾಡುತ್ತಿದ್ದರು. ಮುಂಡರಗಿ ಶಿಬಿರದ ನಾಯಕರಾಗಿದ್ದ ಅಳವಂಡಿಯ ಶಿವಮೂರ್ತಿ ಸ್ವಾಮಿಗಳು 1952ರ ಪ್ರಥಮ ಮಹಾಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಆರಿಸಿ ಬಂದರು. ಶಸ್ತ್ರ ಹಿಡಿದವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ನಾನು ಬಲ್ಲೆ. ಇವರು ಶಿಬಿರವನ್ನು ವಿಸರ್ಜಿಸಿ, ಮತದಾರನ ಮುಂದೆ ಕೈಮುಗಿದು ನಿಂತು ರಾಜಕೀಯಕ್ಕೆ ಬಂದರು. ರಜ್ವಿಯು ಪಡೆಯನ್ನು ಮುಂದಿಟ್ಟುಕೊಂಡೇ ರಾಜಕೀಯ ಮಾಡಿದ. ನನ್ನ ದೃಷ್ಟಿಯಲ್ಲಿ ಈ ಭೇದವೇ ಮುಖ್ಯವಾದುದು.

ಇದೇ ಸೀಮೆಯ ಇನ್ನೊಂದು ಸಂಗತಿ ಬಹಳ ಮಂದಿಯ ನೆನಪಿನಲ್ಲಿಲ್ಲ. ಬಂಕಾಪುರಕ್ಕೆ ಹತ್ತಿರದ ಸವಣೂರು ಕೂಡ ನವಾಬರ ಸಂಸ್ಥಾನವೇ ಆಗಿತ್ತು. ಅದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅಲ್ಲಿ ಸೈನ್ಯ ಕಾರ್ಯಾಚರಣೆ ನಡೆಯಲಿಲ್ಲ. ಸಂಸ್ಥಾನ ಚಿಕ್ಕದು, ಪ್ರತಿರೋಧಿಸುವ ಬಲವೂ ಅದಕ್ಕಿರಲಿಲ್ಲ ಎನ್ನಬಹುದು, ನಿಜ. ಆದರೂ ಅರಸನ ಮತ ಯಾವುದೆಂಬುದೇ ರಕ್ತಪಾತಕ್ಕೆ ಕಾರಣವೆಂದು ಸುಲಭವಾಗಿ ಹೇಳುವವರು ಸವಣೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಸಂತ ಶಿಶುನಾಳ ಶರೀಫರೂ ಗುರು ಗೋವಿಂದ ಭಟ್ಟರೂ ನಡೆದಾಡಿದ ಶಿಗ್ಗಾಂವಿ ಸೀಮೆಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ದೂರದ ಐರ್ಲೆಂಡಿನ ಉತ್ತರ ಭಾಗದಲ್ಲಿ ನಮ್ಮವರೇ ಆದ ಕಥೋಲಿಕರೂ ಪ್ರೊಟೆಸ್ಟೆಂಟರೂ ಸುಮಾರು ಮೂವತ್ತು ವರ್ಷ ಕಾದಾಡಿ 3,500ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯೂ ಪಡೆಗಳವರು ತಮ್ಮನ್ನು ‘ವಾಲಂಟಿಯರ್’ ಎಂದೇ ಕರೆದುಕೊಂಡರು, ಅಂದರೆ ಮತ್ತೆ ರಜಾಕಾರರೇ. ಕಥೋಲಿಕ ಮನೆಗಳಲ್ಲಿ ಹುಟ್ಟಿದ ಐ.ಆರ್.ಎ. ಬಂದೂಕುಧಾರಿಗಳಿಗೆ 1979ರ ಸೆಪ್ಟೆಂಬರಿನಲ್ಲಿ ದ್ವಿತೀಯ ಜಾನ್ ಪೌಲ್ ಜಗದ್ಗುರುಗಳು ದ್ರೊಹೆಡಾ ನಗರದಲ್ಲಿ ಮೊಣಕಾಲೂರಿ ಬೇಡುವೆನೆಂದು ಹೇಳಿಯೂ ಅವರು ಕಿವಿಗೊಡಲಿಲ್ಲ. ಎದುರು ಪಕ್ಷದ ಅಲ್ಸ್ಟರ್ ವಾಲಂಟಿಯರ್ ಫೋರ್ಸ್‌ನ ಗಸ್ಟಿ ಸ್ಪೆನ್ಸ್ ಎಂಬಾತ 1966ರಲ್ಲಿ ಕಥೋಲಿಕ ಯುವಕನೊಬ್ಬನ ಕೊಲೆಗಾಗಿ ಶಿಕ್ಷೆಗೊಳಗಾದವನು. ಸೆರೆಮನೆಯಲ್ಲಿ ಆತ ತನ್ನ ಹುಡುಗರಿಗೆ ನೀವು ಇಲ್ಲೇಕೆ ಇದ್ದೀರಿ ಎಂದು ಕೇಳಿ ಯೋಚಿಸಲು ಹಚ್ಚಿದ. 1994ರ ಅಕ್ಟೋಬರ್ 13ರಂದು ಕದನವಿರಾಮದ ಘೋಷಣೆಯನ್ನು ಓದಿದವನೂ ಆತನೇ, ಮತ್ತು ಅದರಲ್ಲಿ ಸತ್ತ ನಿರಪರಾಧಿಗಳ ಬಂಧುಗಳಿಗೆ ಪಶ್ಚಾತ್ತಾಪದ ಮಾತುಗಳಿದ್ದವು. 1998ರ ಶುಭ ಶುಕ್ರವಾರದ ಒಪ್ಪಂದಕ್ಕೆ ಹೀಗೆ ದಾರಿಯಾಯಿತು. ರಜ್ವಿಯ ಜೀವನದಲ್ಲಿ ಅಂಥ ಒಂದು ದಿನವನ್ನು ಹುಡುಕಿದೆ, ನನಗೆ ಸಿಗಲಿಲ್ಲ.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಜನರಲ್ ಜೆ.ಎನ್. ಚೌಧುರಿಯವರ ನೇತೃತ್ವದಲ್ಲಿ ಒಳನುಗ್ಗಿತು. 17ರಂದು ನಿಜಾಮರು ಶರಣಾದರು. ಆ ದಿನವನ್ನು ಕಲ್ಯಾಣ ಕರ್ನಾಟಕವು ವಿಮೋಚನೆಯ ದಿನವೆಂದು ಆಚರಿಸುತ್ತದೆ, ಅದು ಯುಕ್ತವೇ. ರಜ್ವಿಯ ಬಂಧನವಾಯಿತು. ವಿಶೇಷ ನ್ಯಾಯಮಂಡಳಿಯ ವಿಚಾರಣೆಯನ್ನು ಪ್ರಶ್ನಿಸಿ ಆತ ಸುಪ್ರೀಂ ಕೋರ್ಟಿನವರೆಗೂ ಹೋದ, ಮನವಿಯು 1953ರಲ್ಲಿ ತಿರಸ್ಕೃತವಾಯಿತು. ತಾನು ಇತರರಿಗೆ ನಿರಾಕರಿಸಿದ್ದ ನ್ಯಾಯದ ಬಾಗಿಲು ತನಗೆ ತೆರೆದಿತ್ತೆಂಬುದನ್ನು ಆತ ಗಮನಿಸಿದನೋ ಇಲ್ಲವೋ. 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ತೆರಳಿ, 1970ರಲ್ಲಿ ಕರಾಚಿಯಲ್ಲಿ ತೀರಿಕೊಂಡ.

ನಾಯಕನು ಹೀಗೆ ಹೊರಟುಹೋದ. ಹಿಂದೆ ಉಳಿದವರ ಪಾಡೇನು? ಸೈನ್ಯ ಕಾರ್ಯಾಚರಣೆಯ ಬೆನ್ನಿಗೇ ಉಸ್ಮಾನಾಬಾದು, ಕಲಬುರಗಿ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಘೋರ ಪ್ರತೀಕಾರ ನಡೆಯಿತು. ಅದನ್ನು ತಿಳಿಯಲು ಭಾರತ ಸರ್ಕಾರವು ಪಂಡಿತ ಸುಂದರಲಾಲ್ ಅವರ ಸಮಿತಿಯನ್ನು ಕಳುಹಿಸಿತು. 1948ರ ಕೊನೆಯಲ್ಲಿ ಹಳ್ಳಿಹಳ್ಳಿ ತಿರುಗಿದ ಸಮಿತಿಯು ಸತ್ತವರ ಸಂಖ್ಯೆಯನ್ನು 27,000ದಿಂದ 40,000ವೆಂದು ಅಂದಾಜಿಸಿತು. ವರದಿಯು ದಶಕಗಳ ಕಾಲ ಬೆಳಕು ಕಾಣಲಿಲ್ಲ. ಸತ್ತವರಲ್ಲಿ ಬಹಳ ಮಂದಿ ರಜ್ವಿಯ ಭಾಷಣವನ್ನು ಎಂದೂ ಕೇಳಿರಲಾರದ ಹಳ್ಳಿಗರು. ಗೋರಟಾದ ಮೃತರಿಗಾಗಿ ಮರುಗುವವರು ಇವರಿಗಾಗಿ ಮರುಗಬಾರದೆಂಬ ನಿಯಮವನ್ನು ಯಾವ ಧರ್ಮವೂ ಮಾಡಿಲ್ಲ.

ಆ ವರದಿಯಲ್ಲಿ ಇನ್ನೊಂದು ಮಾತಿದೆ, ಅದನ್ನು ಉದ್ಧರಿಸುವವರು ಕಡಿಮೆ. ಹಲವೆಡೆ ಹಿಂದೂಗಳು ಮುಸ್ಲಿಂ ನೆರೆಹೊರೆಯವರಿಗೆ ಆಶ್ರಯ ಕೊಟ್ಟು ಕಾಪಾಡಿದರು. ಅವರಲ್ಲಿ ನೇಕಾರರ ಹೆಸರನ್ನು ಸಮಿತಿಯು ವಿಶೇಷವಾಗಿ ಎತ್ತಿ ಹೇಳಿದೆ. ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ರಕ್ಷಿಸಲು ಅಡ್ಡ ನಿಂತರು, ಹಾಗೆ ನಿಂತದ್ದಕ್ಕಾಗಿ ಕೆಲವರು ಪ್ರಾಣವನ್ನೂ ತೆತ್ತರು. ಅವರ ಬಳಿ ಸಮವಸ್ತ್ರವಿರಲಿಲ್ಲ, ಅವರಿಂದ ಯಾರೂ ಪ್ರತಿಜ್ಞೆ ಮಾಡಿಸಿರಲಿಲ್ಲ, ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.