೨೦೨೧ರ ಷುಗರ್ ಬೌಲ್

೨೦೨೧ರ ಷುಗರ್ ಬೌಲ್ ಅಮೆರಿಕದ ಕಾಲೇಜು ಫುಟ್‌ಬಾಲ್ ಪ್ಲೇಆಫ್‌ನ ಉಪಾಂತ್ಯ ಪಂದ್ಯ. ಜನವರಿ ೧ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಈ ಪಂದ್ಯದಲ್ಲಿ ಒಹಾಯೋ ಸ್ಟೇಟ್ ತಂಡವು ಕ್ಲೆಮ್ಸನ್ ತಂಡವನ್ನು ೪೯–೨೮ ಅಂಕಗಳಿಂದ ಸೋಲಿಸಿ, ಹಿಂದಿನ ಋತುವಿನ ಫಿಯೆಸ್ಟಾ ಬೌಲ್ ಸೋಲಿನ ಸೇಡು ತೀರಿಸಿಕೊಂಡಿತು.

೨೦೧೯ರ ಡಿಸೆಂಬರ್ ೨೮ರ ಆ ಪಂದ್ಯದಲ್ಲಿ ೧೬–೦ ಮುನ್ನಡೆ ಪಡೆದಿದ್ದ ಒಹಾಯೋ ಸ್ಟೇಟ್ ೨೯–೨೩ರಿಂದ ಸೋತಿತ್ತು. ಎದುರಾಳಿಯ ಕೈಜಾರಿದ ಚೆಂಡಿನಿಂದ ಗಳಿಸಿದ್ದ ಟಚ್‌ಡೌನ್ ವಿಡಿಯೊ ಮರುಪರಿಶೀಲನೆಯಲ್ಲಿ ರದ್ದಾದದ್ದು ಅಭಿಮಾನಿಗಳನ್ನು ಬಹುಕಾಲ ಕಾಡಿತು. ಕೊನೆಯ ನಿಮಿಷದಲ್ಲಿ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಫೀಲ್ಡ್ಸ್ ಎಸೆದ ಚೆಂಡು ಎಂಡ್ ಜೋನ್‌ನಲ್ಲಿ ಕ್ಲೆಮ್ಸನ್ ಆಟಗಾರನ ಕೈಸೇರಿತ್ತು.

ಮರುಭೇಟಿಗೆ ಮುನ್ನ ಕ್ಲೆಮ್ಸನ್ ತರಬೇತುದಾರ ಡ್ಯಾಬೊ ಸ್ವಿನ್ನಿ ತರಬೇತುದಾರರ ಮತದಾನದಲ್ಲಿ ಒಹಾಯೋ ಸ್ಟೇಟ್‌ಗೆ ನೀಡಿದ್ದು ೧೧ನೆಯ ಸ್ಥಾನ. ಪಕ್ಕೆಗೆ ಬಲವಾದ ಪೆಟ್ಟು ಬಿದ್ದರೂ ಫೀಲ್ಡ್ಸ್ ಆರು ಟಚ್‌ಡೌನ್ ಪಾಸ್‌ಗಳನ್ನು ಎಸೆದರು. ಹತ್ತು ದಿನಗಳ ಬಳಿಕ ಅಂತಿಮ ಪಂದ್ಯದಲ್ಲಿ ಅಲಬಾಮಾ ತಂಡವು ಒಹಾಯೋ ಸ್ಟೇಟ್ ತಂಡವನ್ನು ೫೨–೨೪ರಿಂದ ಮಣಿಸಿತು.