‘15 ದಿನ ಉಚಿತ ವಿದೇಶಿ ಎಕ್ಸ್‌ಚೇಂಜ್, ನೋಂದಣಿಗೆ ಮಾತ್ರ 4,999 ರೂಪಾಯಿ’: ಈ ಫಾರ್ವರ್ಡ್ ಎಷ್ಟು ನಿಜ?

ಹೋದ ತಿಂಗಳು ಸವದತ್ತಿಯಿಂದ ನಮ್ಮ ಕಾಕಾನ ಮಗಳು ಒಂದು ವಾಟ್ಸಾಪ್ ಸಂದೇಶ ಕಳಿಸಿದಳು. ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಳೆ. ಸಂದೇಶದ ಮೇಲ್ಭಾಗದಲ್ಲಿ ಸರ್ಕಾರದ ಲಾಂಛನ, ಪಕ್ಕದಲ್ಲಿ ನಕ್ಷತ್ರಗಳಿರುವ ಯುರೋಪಿನ ನೀಲಿ ಬಾವುಟ. ಬಿ.ಕಾಂ., ಬಿಬಿಎ, ಎಂಬಿಎ ಓದುವವರಿಗೆ 15 ದಿನದ ವಿದೇಶಿ ಅಧ್ಯಯನ, ವಿಮಾನ, ವಸತಿ, ಊಟ ಎಲ್ಲವೂ ಉಚಿತ, ಕೊನೆಗೊಂದು ‘ಅಂತರರಾಷ್ಟ್ರೀಯ ಪ್ರಮಾಣಪತ್ರ’. ಕಟ್ಟಬೇಕಾದದ್ದು ನೋಂದಣಿ ಶುಲ್ಕ 4,999 ರೂಪಾಯಿ ಮಾತ್ರ. ಕೆಳಗೊಂದು ಗೂಗಲ್ ಫಾರ್ಮ್ ಲಿಂಕ್.

‘ಅಕ್ಕಾ, ಇದ ಖರೇ ಐತೇನ? ನಾಳಿ ಸಂಜಿಗೆ ಕಡೀ ದಿನ ಅಂತ. ಅಪ್ಪಾ ಹತ್ತಿ ಮಾರಿದ ರೊಕ್ಕದಾಗ ಕೊಡ್ತೀನಿ ಅಂದಾರ’ ಎಂದು ಕೇಳಿದಳು. ಅಷ್ಟರಲ್ಲಿ ಅವಳೇ ಅದನ್ನು ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಗೆಳತಿಯರಿಗೂ ಕಳಿಸಿಯಾಗಿತ್ತು.

ಇಂಥ ಅವಕಾಶಗಳು ಇಲ್ಲವೇ ಇಲ್ಲ ಎನ್ನುವುದು ತಪ್ಪು. ಇವೆ. ಆದರೆ ಅವು ಬರುವ ದಾರಿ ಬೇರೆ.

‘ಎಕ್ಸ್‌ಚೇಂಜ್’ ಎಂದರೇನು?

ಹೆಸರೇ ಹೇಳುವಂತೆ ಇದು ಅದಲು ಬದಲು. ಎರಡು ಶಿಕ್ಷಣ ಸಂಸ್ಥೆಗಳು ಮೊದಲು ಲಿಖಿತ ಒಪ್ಪಂದ ಮಾಡಿಕೊಳ್ಳುತ್ತವೆ. ಇಲ್ಲಿಂದ ಕೆಲವರು ಅಲ್ಲಿಗೆ, ಅಲ್ಲಿಂದ ಕೆಲವರು ಇಲ್ಲಿಗೆ. ಸಾಮಾನ್ಯವಾಗಿ ವಿದ್ಯಾರ್ಥಿ ತನ್ನ ಕಾಲೇಜಿಗೆ ಮಾತ್ರ ಬೋಧನಾ ಶುಲ್ಕ ಕಟ್ಟುತ್ತಾನೆ, ವಿದೇಶದ ಸಂಸ್ಥೆಗೆ ಕಟ್ಟುವುದಿಲ್ಲ. ಬೆಂಗಳೂರಿನ ಐಐಎಂನಲ್ಲಿ ಎಂಬಿಎ ವಿದ್ಯಾರ್ಥಿಗಳು ಎರಡನೇ ವರ್ಷದಲ್ಲಿ ಒಂದು ಟರ್ಮ್ ಹೊರದೇಶದ ಬಿಸಿನೆಸ್ ಸ್ಕೂಲಿನಲ್ಲಿ ಓದುವುದು ಇದೇ ವ್ಯವಸ್ಥೆಯಲ್ಲಿ. ಹಾಗಾಗಿ ಫಾರ್ವರ್ಡ್ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ನಮ್ಮ ಕಾಲೇಜು ಯಾರೊಂದಿಗೆ ಒಪ್ಪಂದ ಮಾಡಿಕೊಂಡಿದೆ? ಉತ್ತರ ಪ್ರಾಂಶುಪಾಲರ ಕಚೇರಿಯಲ್ಲಿ ಸಿಗಬೇಕು, ಇಲ್ಲವೇ ವಿಶ್ವವಿದ್ಯಾಲಯದಲ್ಲಿ. ಈ ನಾಲ್ಕೂ ಊರುಗಳಿರುವ ಬೆಳಗಾವಿ ಜಿಲ್ಲೆ 2010ರಲ್ಲಿ ಶುರುವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತದೆ. ಪತ್ರವೊಂದೂ ಕಾಲೇಜಿಗೆ ಬಾರದೆ ನೇರವಾಗಿ ನಿಮ್ಮ ಮೊಬೈಲಿಗೆ ಬಂದ ‘ಎಕ್ಸ್‌ಚೇಂಜ್’ ಎಕ್ಸ್‌ಚೇಂಜ್ ಅಲ್ಲ.

ಆ ನೀಲಿ ಬಾವುಟಕ್ಕೂ ಒಂದು ಹಿನ್ನೆಲೆ ಇದೆ. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಪ್ಲಸ್ ಎಂಬ ಯೋಜನೆಯಲ್ಲಿ 5ರಿಂದ 30 ದಿನಗಳ ಅಲ್ಪಾವಧಿ ಅಧ್ಯಯನಕ್ಕೆ ನಿಜಕ್ಕೂ ಅವಕಾಶವಿದೆ. ಆದರೆ ವಿನಿಮಯಕ್ಕೆ ಹೋಗುವ ವಿದ್ಯಾರ್ಥಿಯನ್ನು ಆರಿಸುವುದು ಅವರ ಸ್ವಂತ ಕಾಲೇಜು ಅಥವಾ ವಿಶ್ವವಿದ್ಯಾಲಯ. ಅತಿಥೇಯ ಸಂಸ್ಥೆ ಬೋಧನಾ ಶುಲ್ಕವನ್ನೂ ನೋಂದಣಿ ಶುಲ್ಕವನ್ನೂ ಕೇಳುವಂತಿಲ್ಲ. ಅಂದರೆ ಆ ಫಾರ್ವರ್ಡ್ ಕೇಳಿದ 4,999 ರೂಪಾಯಿಯೇ ಅದು ಸುಳ್ಳೆಂಬುದಕ್ಕೆ ಸಾಕ್ಷಿ!

ಸರ್ಕಾರದ ಲಾಂಛನವನ್ನೂ ನೋಡೋಣ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇರುವುದು ಸ್ನಾತಕೋತ್ತರ ಪದವಿ ಮತ್ತು ಪಿಎಚ್‌.ಡಿ.ಗೆ. ಹದಿನೈದು ದಿನದ ಪ್ರವಾಸಕ್ಕಲ್ಲ.

ದುಡ್ಡು ಕೊಟ್ಟು ಹೋಗುವ ‘ಸ್ಟಡಿ ಟೂರ್’

ಇದು ಮೋಸವೇನಲ್ಲ. ಕೆಲವು ಖಾಸಗಿ ಕಾಲೇಜುಗಳು ದುಬೈ, ಸಿಂಗಪುರಕ್ಕೆ ಎಂಬಿಎ ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತವೆ. ಬಂದರು, ಕಾರ್ಖಾನೆ, ಒಂದೆರಡು ಉಪನ್ಯಾಸ, ಉಳಿದದ್ದು ಊರು ನೋಡುವುದು. ನೋಡಿ ಬರಲಿ, ಒಳ್ಳೆಯದೇ. ಆದರೆ ಅದನ್ನು ‘ವಿದೇಶಿ ಕ್ರೆಡಿಟ್’ ಎಂದು ಮಾರಿದರೆ ಲೆಕ್ಕ ಕೇಳಿ. ಯುರೋಪಿನ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ಓದು. ಮೂರು ಕ್ರೆಡಿಟ್‌ಗೆ ಕನಿಷ್ಠ 75 ಗಂಟೆ ಬೇಕು. ಐದು ದಿನದ ಬಸ್ ಪ್ರಯಾಣದಲ್ಲಿ ಅದು ಎಲ್ಲಿ ಹಿಡಿಸುತ್ತದೆ?

ನೋಂದಣಿ ಶುಲ್ಕಕ್ಕಿಂತ ದೊಡ್ಡ ಅಪಾಯ

ನನಗೆ ನಿಜವಾಗಿ ಹೆದರಿಕೆಯಾದದ್ದು ಸಂದೇಶದ ಕೊನೆಯ ಸಾಲು ಓದಿ. ‘ಅಲ್ಲೇ ಪಾರ್ಟ್‌ಟೈಮ್ ಕೆಲಸ ಮಾಡಿ ಗಳಿಸಿ’ ಎಂದಿತ್ತು. ಪ್ರವಾಸಿ ವೀಸಾದ ಮೇಲೆ ಹೋಗಿ ಸಂಬಳಕ್ಕೆ ದುಡಿಯುವುದು ಸಾಮಾನ್ಯವಾಗಿ ಎಲ್ಲ ದೇಶಗಳಲ್ಲೂ ಕಾನೂನುಬಾಹಿರ. ಸಿಕ್ಕಿಬಿದ್ದರೆ ಗಡೀಪಾರು, ಮುಂದೆ ವೀಸಾ ಸಿಗುವುದೂ ಕಷ್ಟ. ಇನ್ನೂ ಕೆಟ್ಟದ್ದೂ ನಡೆದಿದೆ. ಥಾಯ್ಲೆಂಡಿನಲ್ಲಿ ಐಟಿ ಕೆಲಸ ಎಂದು ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕುತ್ತಾರೆ ಎಂದು ನಮ್ಮ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು. 2025ರ ಮಾರ್ಚ್‌ನಲ್ಲಿ ಹೀಗೆ ಸಿಕ್ಕಿಕೊಂಡಿದ್ದ ಐನೂರಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡಿನ ಮೇ ಸೋತ್‌ನಿಂದ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು.

ಗೂಗಲ್ ಫಾರ್ಮ್‌ನಲ್ಲಿ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೊ ಕೂಡ ಕೇಳಿದ್ದರು. ಗೂಗಲ್ ಫಾರ್ಮ್ ಯಾರು ಬೇಕಾದರೂ ಎರಡು ನಿಮಿಷದಲ್ಲಿ ಮಾಡಬಹುದು. ನಮ್ಮ ವಿಶ್ವವಿದ್ಯಾಲಯಗಳ ಜಾಲತಾಣಗಳ ವಿಳಾಸ ಸಾಮಾನ್ಯವಾಗಿ ‘ಡಾಟ್ ಎಸಿ ಡಾಟ್ ಇನ್’ ಎಂದು ಮುಗಿಯುತ್ತದೆ. ಯುರೋಪಿಯನ್ ಒಕ್ಕೂಟದ್ದು ‘ಯುರೋಪಾ ಡಾಟ್ ಇಯು’. ಲಿಂಕ್ ಒತ್ತುವ ಮೊದಲು ಇಷ್ಟು ನೋಡಿದರೂ ಬಹಳ.

ನಿಜವಾಗಿ ಹೋಗುವುದಾದರೆ

ಮೊದಲು ಬೇಕಾದದ್ದು ಪಾಸ್‌ಪೋರ್ಟ್. ವಯಸ್ಕರಿಗೆ 36 ಪುಟದ್ದಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ. ಅರ್ಜಿ ಆನ್‌ಲೈನ್‌ನಲ್ಲಿ, ದಾಖಲೆ ತೋರಿಸಲು ಬೆಳಗಾವಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಕ್ಕೋ ಹುಬ್ಬಳ್ಳಿಗೋ ಹೋಗಬೇಕು. ಏಜೆಂಟರ ಅಗತ್ಯವಿಲ್ಲ. ಯುರೋಪಿನ ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೊ, ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಇನ್ನು ಅವ್ವಂದಿರು ಕಟ್ಟಿಕೊಡುವ ಬುತ್ತಿ: ಹಾಲು, ಮಾಂಸದ ಪದಾರ್ಥಗಳನ್ನು ಭಾರತದಿಂದ ಯುರೋಪಿಯನ್ ಒಕ್ಕೂಟಕ್ಕೆ ಒಯ್ಯುವಂತಿಲ್ಲ. ತುಪ್ಪ, ಬೆಳಗಾವಿ ಕುಂದಾ ಮನೆಯಲ್ಲೇ ಇರಲಿ. ಶೇಂಗಾ ಚಟ್ನಿಪುಡಿಗೆ ಈ ನಿಯಮ ಅಡ್ಡಿಯಾಗುವುದಿಲ್ಲ.

ಈಗಾಗಲೇ ದುಡ್ಡು ಕಟ್ಟಿಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ನಮ್ಮ ತಂಗಿ ಮರುದಿನ ಕಾಲೇಜಿನಲ್ಲಿ ವಿಚಾರಿಸಿದಳು. ಅಂಥ ಯಾವ ಪತ್ರವೂ ಬಂದಿರಲಿಲ್ಲ. ರೊಕ್ಕ ಕಟ್ಟಲಿಲ್ಲ. ಬದಲಿಗೆ ಗೆಳತಿಯರಿಗೆ ಕಳಿಸಿದ್ದ ಸಂದೇಶದ ಕೆಳಗೇ ‘ಇದು ಸುಳ್ಳು, ಯಾರೂ ರೊಕ್ಕ ತುಂಬಬ್ಯಾಡ್ರಿ’ ಎಂದು ಬರೆದಳು. ರಾಮದುರ್ಗದ ಗೆಳತಿ ಅಷ್ಟರಲ್ಲಿ ಫಾರ್ಮ್ ತುಂಬಿ, ಪೇಮೆಂಟ್ ಪುಟದವರೆಗೆ ಹೋಗಿದ್ದಳಂತೆ.